ಎಡಗೈಯ ಖಾಲಿ ಸಾಲು

ವಿದ್ಯಾರ್ಥಿನಿಯರ ಹಾಸ್ಟೆಲ್, ವಾರ್ಸಾ
11 ನವೆಂಬರ್ 1968, ಸೋಮವಾರ

ಪ್ರೀತಿಯ ಅಪ್ಪ,

ಕ್ರಾಕೋವ್ ತಲುಪಿದೆಯಾ, ಬೀಟ್‌ರೂಟ್ ಸೂಪನ್ನು ಬಿಸಿಯಾದರೂ ಮಾಡಿಕೊಂಡು ಕುಡಿಯುತ್ತಿದ್ದೀಯಾ ಎಂದೆಲ್ಲ ಕೇಳಬೇಕು. ಕೇಳುತ್ತ ಕೂತರೆ ಹೇಳಬೇಕಾದದ್ದಕ್ಕೆ ಧೈರ್ಯ ಉಳಿಯುವುದಿಲ್ಲ. ಆ ಸ್ವರಗಳನ್ನು ಸೇರಿಸಿದವಳು ನಾನು.

ನೀನು ಸೊಟ್ಟಪಟ್ಟ ಗೀಚಿದ್ದ ಸಿನಿಮಾ ಸಂಗೀತವನ್ನು ನಕಲು ಮಾಡಲು ಕೊಟ್ಟಿದ್ದೆಯಲ್ಲ. ಚಿತ್ರದ ಹೆಂಗಸು ಟ್ರಾಮ್ ಇಳಿದು, ಕರೆದೊಯ್ಯಲು ಯಾರಾದರೂ ಬಂದಿದ್ದಾರಾ ಎಂದು ನೋಡುವ ಕಡೆ ಪಿಯಾನೋದ ಎಡಗೈಯ ಸಾಲು ಖಾಲಿ ಇತ್ತು. ಅವಸರದಲ್ಲಿ ಮರೆತಿದ್ದೀಯ ಎಂದುಕೊಂಡೆ. ಅಮ್ಮ ನನ್ನನ್ನು ಸೇರಿಸಿದ್ದ ಇಂಗ್ಲೆಂಡಿನ ಹಾಸ್ಟೆಲ್ ಶಾಲೆಯಲ್ಲಿ ಖಾಲಿ ಬಿಟ್ಟಿದ್ದಕ್ಕೆಲ್ಲ ಅಂಕ ಕಳೆಯುತ್ತಿದ್ದರು. ಖಾಲಿ ಜಾಗ ಕಂಡರೆ ನನಗೆ ಈಗಲೂ ಹೆದರಿಕೆ. ಸಂಗೀತ ಕಾಲೇಜು ಸೇರಿ ಒಂದು ತಿಂಗಳಾಗಿದೆಯಷ್ಟೆ, ಆದರೂ ನಿನ್ನ ಹಳೆಯ ಜಾಜ್ ರೆಕಾರ್ಡುಗಳಲ್ಲಿ ಎಡಗೈ ಓಡುವ ಹಾಗೆಯೇ ತುಂಬಿಸಿಬಿಟ್ಟೆ.

ಶುಕ್ರವಾರ ಸ್ಟುಡಿಯೋದಲ್ಲಿ ಪರದೆಯ ಮೇಲೆ ಟ್ರಾಮ್ ಬಂತು. ನೀನು ಹಾಳೆ ನೋಡಿ, ಒಂದು ಕ್ಷಣ ನನ್ನತ್ತ ತಿರುಗಿ, ನುಡಿಸಹೊರಟೆ. ಮೂರು ಸಲ ಎಡವಿದೆ. "ಏನ್ರೀ ಲೆಶೆಕ್, ನಿಮ್ಮ ಪಾಠ ನೀವೇ ಓದ್ಕೊಂಡ್ ಬಂದಿಲ್ವಾ?" ಎಂದು ನಿರ್ದೇಶಕ ಗ್ರಾಬೋವಿಚ್ ಕೇಳಿದಾಗ ಎಲ್ಲರೂ ನಕ್ಕರು. ಹಾಳೆ ತಿರುವಲು ಪಕ್ಕದಲ್ಲಿದ್ದ ನನಗೆ ಮಾತ್ರ ಕಂಡಿತು: ಎಡಗೈಯ ಕೊನೆಯ ಎರಡು ಬೆರಳು ಏಳಲೇ ಇಲ್ಲ. ನೀನು ಕೈಯನ್ನು ಜೇಬಿಗಿಳಿಸಿ, "ಮಗಳು ಸರಿಯಾಗೇ ಬರ್ದಿದ್ದಾಳೆ. ನಂಗೇ ವಯಸ್ಸಾಯ್ತು" ಎಂದು ಹೊರಟುಬಿಟ್ಟೆ. ನಾನು ಬಾಯಿ ಬಿಡಲಿಲ್ಲ. ಥೂ ನನ್ನ!

ಗ್ರಾಬೋವಿಚ್ ಬೇರೊಬ್ಬ ಪಿಯಾನೋ ವಾದಕರನ್ನು ಕರೆಸುತ್ತಿದ್ದಾರೆಂದು ತಿಳಿದು ನಿನ್ನೆ ಅವರ ಮನೆಗೆ ಓಡಿದೆ. ಸ್ವರ ಸೇರಿಸಿದ್ದು ನಾನೇ ಎಂದು ಒಪ್ಪಿಕೊಂಡೆ. "ಅಯ್ಯೋ ಪುಣ್ಯಾತ್ಗಿತ್ತಿ, ನಾನು ಸಂಗೀತ ಕೇಳಿದ್ದು ನಿಮ್ಮಪ್ಪನ್ನ, ನಿನ್ನನ್ನಲ್ಲ!" ಎಂದು ಬೈದರು. ನಾನು ಒಯ್ದಿದ್ದ ನಿನ್ನ ಮೂಲ ಹಾಳೆಯನ್ನು ತಮ್ಮ ಪಿಯಾನೋದ ಮೇಲಿಟ್ಟು, ಬಲಗೈಯದನ್ನಷ್ಟೇ ಒಂದೇ ಬೆರಳಲ್ಲಿ ಒತ್ತುತ್ತ ಹೋದರು. ಕೊನೆಗೆ ಖಾಲಿ ಸಾಲಿನ ಮೇಲೆ ಬೆರಳಿಟ್ಟು, "ಯಾರೂ ಬಂದಿಲ್ಲ ಅಂತ ಇಲ್ಲೇ ಗೊತ್ತಾಗುತ್ತಲ್ಲೇ" ಎಂದರು. ಮುಂದಿನ ವಾರ ಗುರುವಾರ ಹತ್ತು ಗಂಟೆಗೆ ನಿನಗಾಗಿ ಕಾಯುತ್ತಾರಂತೆ. ನೀನು ಬರದಿದ್ದರೆ ಆ ಇನ್ನೊಬ್ಬರು.

ಬೆರಳಿನ ವಿಷಯ ನಾನು ಹೇಳಲಿಲ್ಲ. ಅದು ನಿನಗೆ ಬಿಟ್ಟದ್ದು. ಹೊಸ ನಕಲು ಜೊತೆಗಿಟ್ಟಿದ್ದೇನೆ. ಖಾಲಿಯನ್ನು ಖಾಲಿಯಾಗಿಯೇ ಬಿಟ್ಟಿದ್ದೇನೆ. ಬಾ ಅಪ್ಪ.

ನಿನ್ನ
ಎಡಿತಾ

ಇನ್ನೊಂದು ಮಾತು: ಶಾಲೆಯ ಕೊನೆಯ ಎರಡು ವರ್ಷ ನೀನು ಟೈಪ್ ಮಾಡಿ ಕಳಿಸಿದ ಪತ್ರಗಳಿಗೆ ನಾನು ಉತ್ತರ ಬರೆಯಲಿಲ್ಲ. ಮಗಳಿಗೆ ಕೈಯಾರೆ ನಾಲ್ಕು ಸಾಲು ಬರೆಯಲೂ ಪುರುಸೊತ್ತಿಲ್ಲವೇ ಎಂಬ ಸಿಟ್ಟು. ನೀನು ಎಡಗೈಯಲ್ಲಿ ಬರೆಯುವವನು ಎಂಬುದು ನನಗೆ ಶುಕ್ರವಾರ ಆ ಸ್ಟುಡಿಯೋದಲ್ಲಿ ನೆನಪಾಯಿತು.