ಜಯಮಾಲಾ ಬರೆಯಲು ಒಂದು ಪರದೆ

೮ ಸೆಪ್ಟೆಂಬರ್, ಉಮರ್ಗಾ, ಬೆಳಿಗ್ಗೆ

ಅವ್ವ ಜಯಮಾಲಾಳ ತಲೆ ಬಾಚುತ್ತಿದ್ದಳು. ಪಾಠ ಮಾಡಲು ಕಾಲೇಜಿಗೆ ಹೊರಡುವ ಮೊದಲು ನಾನು ಇನ್ನೊಮ್ಮೆ ಕಂಪ್ಯೂಟರ್ ಪರದೆಯ ವಿಡಿಯೋ ಮೋಡ್ ಬದಲಿಸಿ ನೋಡಿದೆ. ೩೨೦ × ೨೦೦ರಲ್ಲಿ ಅಕ್ಷರ ದೊಡ್ಡದು, ಆದರೆ ಒತ್ತಕ್ಷರ ಒಡೆದು ಬರೀ ಚುಕ್ಕೆ. ೬೪೦ × ೪೮೦ ಇರಲಿ. ಅಕ್ಷರಗಳನ್ನು ನಾನೇ ದೊಡ್ಡದಾಗಿ ಬಿಡಿಸುತ್ತೇನೆ.

ನನ್ನ ಹೆಂಡತಿ ಜಯಮಾಲಾ ತುರೋರಿ ಶಾಲೆಯಲ್ಲಿ ಮರಾಠಿ ಕಲಿಸಿ, ಮನೆಗೆ ಬಂದು ಕನ್ನಡದಲ್ಲಿ ನನ್ನನ್ನು ಬೈಯುತ್ತಿದ್ದವಳು. ನರದ ಕಾಯಿಲೆ. ಶ್ರಾವಣದಲ್ಲಿ ಮಾತು ಹೋಯಿತು. ಈಗ ಕಣ್ಣು, ಬಲಗೈಯ ಬೆರಳು — ಅಷ್ಟೇ. ಹೌದು ಎನ್ನಲು ರೆಪ್ಪೆ ಮುಚ್ಚುತ್ತಾಳೆ, ಇಲ್ಲ ಎನ್ನಲು ಮೇಲೆ ನೋಡುತ್ತಾಳೆ. ನಾವು ಕೇಳಿದ್ದಕ್ಕೆ ಉತ್ತರ ಸಿಗುತ್ತದೆ. ತಾನಾಗಿಯೇ ಏನಾದರೂ ಹೇಳಬೇಕೆಂದರೆ?

ಕಣ್ಣಿನಿಂದ ನಡೆಯುವ ಯಂತ್ರ ಅವಳ ಮೆಳ್ಳಗಣ್ಣನ್ನು ಹಿಡಿಯಲಿಲ್ಲ. ಸಿಗುವ ಪ್ರೋಗ್ರಾಮುಗಳೆಲ್ಲ ಗಟ್ಟಿ ಕೈಯವರಿಗೆ. ಅದಕ್ಕೇ ನಾನೇ ಬರೆದ ಪ್ರೋಗ್ರಾಂ. ಪರದೆ, ಮೌಸ್ ಎರಡೂ ನೇರ ನನ್ನ ಹಿಡಿತದಲ್ಲಿ.

೧೪ ಸೆಪ್ಟೆಂಬರ್

ಪರದೆಯಲ್ಲಿ ಮೌಸಿನ ಬಾಣ ಸರಿದಲ್ಲೆಲ್ಲ ಕಲೆ ಉಳಿಯುತ್ತಿತ್ತು. ಅಡಿಯ ಚಿತ್ರ ಎತ್ತಿಟ್ಟು ವಾಪಸ್ ಇಡುವಂತೆ ಮಾಡಿದೆ. ಬೆರಳಿನ ನಡುಕಕ್ಕೆ ಬಾಣ ಕುಣಿಯುತ್ತಿತ್ತು — ಸಣ್ಣ ಅಲುಗಾಟವನ್ನೆಲ್ಲ ಬಿಟ್ಟುಬಿಡು ಎಂದು ಒಂದು ಸಾಲು ಬರೆದೆ. ನಿಂತಿತು. ಬಟನ್ ಒತ್ತುವ ಶಕ್ತಿ ಇಲ್ಲ. ಬಾಣ ಅಕ್ಷರದ ಮೇಲೆ ತುಸು ಹೊತ್ತು ತಂಗಿದರೆ ಸಾಕು, ಅದು ಬರೆದಂತೆ.

ಮೊದಲ ಶಬ್ದ: ಚಹಾ.

ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕಳು. "ಇಷ್ಟ್ ದಿನಕ್ಕ ಬಾಯಿ ಬಿಟ್ಟ್ ಕೇಳ್ಯಾಳ ನೋಡು ನನ್ನ ಸೊಸಿ!"

೨೨ ಸೆಪ್ಟೆಂಬರ್

ನಿಲಂಗಾದಿಂದ ಮಗಳ ಫೋನ್. ನನ್ನ ಅಕ್ಕ ದ್ರೌಪದಿಯ ಮನೆಯಲ್ಲಿದ್ದು ಹತ್ತನೇ ಕ್ಲಾಸ್ ಓದುತ್ತಿದ್ದಾಳೆ. ಬೇಸಿಗೆ ರಜೆಯಲ್ಲಿ ಅವಳು ಕಂಡದ್ದು ನಡೆಯುವಾಗ ಎಡವುವ ತಾಯಿಯನ್ನು, ಅಷ್ಟೇ.

"ಪಪ್ಪಾ, ಮಮ್ಮಿ ಯಾಕ ಫೋನಿನ್ಯಾಗ ಮಾತಾಡವಲ್ಲಳು?"

"ಗಂಟಲ ಕೂತದ, ಸಪನಾ."

ಇನ್ನೆಷ್ಟು ದಿನ ಹೀಗೆ ಮುಚ್ಚಿಡಲಿ… ದೀಪಾವಳಿಗೆ ಬರುತ್ತಾಳೆ.

೩ ಅಕ್ಟೋಬರ್

ದಿನವಿಡೀ ಒಂದಕ್ಷರ ಇಲ್ಲ. ಬಾಣ ಅಲುಗಲಿಲ್ಲ. ವೈರ್ ನೋಡಿದೆ, ಮೌಸ್ ಬದಲಿಸಿದೆ. "ಇವತ್ತ್ ಆಕಿಗಿ ಮನಸಿಲ್ಲ" ಎಂದು ಅವ್ವನಿಗೆ ಹೇಳಿಯೂಬಿಟ್ಟೆ. ಜಯಮಾಲಾಳ ಕಣ್ಣಿಂದ ನೀರು.

ಸಂಶಯ ಬಂದು, ತಾನು ಎಷ್ಟು ಸರಿದೆನೆಂದು ಮೌಸ್ ಕಳಿಸುವ ಅಂಕಿಗಳನ್ನೇ ಪರದೆಗೆ ತಂದೆ. ಒಂದು. ಸೊನ್ನೆ. ಒಂದು. ಒಂದು… ಬೆಳಗಿನಿಂದ ಸರಿಸುತ್ತಲೇ ಇದ್ದಳು! ಅವಳ ಪೂರ್ತಿ ಬಲವೇ ಈಗ ಅಷ್ಟು. ನಡುಕ ಎಂದು ನನ್ನ ಪ್ರೋಗ್ರಾಂ ಎಲ್ಲವನ್ನೂ ಎಸೆಯುತ್ತಿತ್ತು. ನಾನು ಬರೆದ ಸಾಲು ಅವಳ ಬಾಯಿ ಮುಚ್ಚಿಸಿತ್ತು.

ಆ ಸಾಲು ತೆಗೆದೆ. ಬಾಣ ಮತ್ತೆ ಕುಣಿಯುತ್ತಿದೆ. ನಡುಕದ ಅಂಕಿಯೂ ಒಂದೇ, ಮನಸ್ಸಿನ ಅಂಕಿಯೂ ಒಂದೇ. ಹೇಗೆ ಬೇರೆ ಮಾಡಲಿ?

೧೨ ಅಕ್ಟೋಬರ್

ಉದಗೀರದ ಡಾಕ್ಟರು ಹೇಳಿದರು: "ಉಸಿರು ಕಮ್ಮಿ ಆಗ್ಲಿಕತ್ತದ. ಮಶೀನ್ ಹಚ್ಚಬೇಕಾಗ್ತದ. ಟೀಚರ್ ಬಾಯಾರನ್ನ ಈಗಲೇ ಕೇಳ್ಕೊಳ್ರಿ."

ಮಶೀನ್ ಹಚ್ಚಿಸಲೇ ಎಂದು ಮನೆಗೆ ಬಂದು ಕೇಳಿದೆ. ರೆಪ್ಪೆ ಮುಚ್ಚಿದಳು. ಹೌದು. ತೆರೆದವಳು ಕಂಪ್ಯೂಟರ್ ಕಡೆಗೇ ನೋಡುತ್ತ ಉಳಿದಳು. ಅದಕ್ಕೆ ಮೊದಲು ಏನೋ ಹೇಳುವುದಿದೆ.

೧೩ ಅಕ್ಟೋಬರ್

ಬೆಳಗಿನ ಜಾವ ಹೊಳೆಯಿತು — ನಡುಕ ಹೋಗಿ ಬರುತ್ತದೆ, ಕೂಡಿಸಿದರೆ ಸೊನ್ನೆ. ಬಯಕೆ ಒಂದೇ ದಿಕ್ಕಿಗೆ. ಕೂಡಿಸುತ್ತ ಹೋಗುವಂತೆ ಬರೆದೆ. ಬಾಣ ಇರುವೆಯ ಹಾಗೆ, ಆದರೂ ನಡೆಯಿತು.

ಸ. ಪ. ನಾ. ಗ. "ಮಗಳಿಗಿ ಏನೋ ಅದ" ಎಂದಳು ಅವ್ವ. ಮಧ್ಯಾಹ್ನದ ಹೊತ್ತಿಗೆ — ಹೇ. ಆಮೇಲೆ — ಳ.

ಬೆರಳು ಜಾರಿತು. ತುಟಿ ನೀಲಿ. ಗಾಡಿ ತರಿಸಿ ಉದಗೀರಕ್ಕೆ…

೧೫ ಅಕ್ಟೋಬರ್, ಉದಗೀರ

ಮಶೀನಿನ ಮೇಲೆ ಇದ್ದಾಳೆ. ನಿದ್ದೆಯ ಔಷಧ.

ಸಪನಾಗ ಹೇಳ. ನಮ್ಮ ಮಾತಿನಲ್ಲಿ ಅದು ಪೂರ್ತಿ ವಾಕ್ಯವೂ ಹೌದು, 'ಹೇಳಬ್ಯಾಡ'ದ ಅರ್ಧವೂ ಹೌದು.

"ಹೇಳಬ್ಯಾಡ ಅಂತನ ಅದ. ಕೂಸಿಂದು ಪರೀಕ್ಷಾ ವರ್ಷ" — ಅವ್ವ.

"ಹಡದಾಕಿ ಹೇಳ ಅಂತನ ಬರೀತಾಳ, ವಿರೂಪಾಕ್ಷ" — ಫೋನಿನಲ್ಲಿ ಅಕ್ಕ.

ಕಿವಿಯ ಹತ್ತಿರ ಬಾಗಿ ಕೇಳಿದೆ. ರೆಪ್ಪೆಗಳು ಮುಚ್ಚಿಯೇ ಇವೆ. ಅದನ್ನು ಹೌದು ಎಂದು ಹೇಗೆ ಓದಲಿ?

೧೭ ಅಕ್ಟೋಬರ್, ಉಮರ್ಗಾ, ಸಂಜೆ

ಬಟ್ಟೆ ಒಯ್ಯಲು ಬಂದೆ. ಬಾಗಿಲು ತೆರೆದಿತ್ತು. ಸಪನಾ! ಅಕ್ಕನ ನೆರೆಯವರು ಯಾರೋ ಬಾಯಿಬಿಟ್ಟಿದ್ದಾರೆ; ಒಬ್ಬಳೇ ಬಸ್ ಹತ್ತಿ ಬಂದಿದ್ದಾಳೆ. ಕಂಪ್ಯೂಟರ್ ಮುಂದೆ ಕೂತಿದ್ದಳು. ಅವಸರದಲ್ಲಿ ಬಂದ್ ಮಾಡದೆ ಹೋಗಿದ್ದೆವು; ಆ ಆರು ಅಕ್ಷರ ಪರದೆಯ ಮೇಲೆ ಹಾಗೇ ಇದ್ದವು.

"ಇದು ಮಮ್ಮಿ ಬರದಿದ್ದಾ?"

"ಹೂಂ."

"ನನಗ ಏನ್ ಹೇಳಂತಾಳ, ಪಪ್ಪಾ?"

ಹೇಳಬೇಕೋ ಬೇಡವೋ ಎಂದೇ ನಾವೆಲ್ಲ ಜಗಳಾಡಿದೆವು. ಏನು ಎಂದು ಯಾರೂ ಕೇಳಿರಲಿಲ್ಲ. ಅವಳಿಗೆ ಹೇಳಲಿಕ್ಕಿದ್ದದ್ದು ಕಾಯಿಲೆಯ ಸುದ್ದಿಯೋ, ಬೇರೆಯೇ ಏನಾದರೂ ಇತ್ತೋ…

"ಮಾರಿ ತೊಳಕೊಂಡ್ ಬಾ, ಹೇಳ್ತೀನಿ" ಅಂದೆ. ಹೋಗಿದ್ದಾಳೆ. ಮೊದಲ ಮಾತು ಯಾವುದು? ಆಸ್ಪತ್ರೆಯಿಂದ ಶುರು ಮಾಡಲೇ, ಶ್ರಾವಣದಿಂದಲೇ… ನಲ್ಲಿ ನಿಂತಿತು. ಬಂದಳು. ನಾನು—