ಮಗ್ಗದ ಸದ್ದಿನ ಕೆಳಗೆ

ಗುರುವಾರ, ಮಧ್ಯಾಹ್ನ

ಪುಟ್ಟಿಗೆ, ಅಮ್ಮ ಬರೆಯುವುದು.

ನಿನ್ನ ಪತ್ರ ಬಂತು. ಫೋನ್ ತೆಗೆಯುವುದಿಲ್ಲ ಎಂದು ಬೈದಿದ್ದೀಯ. ತೆಗೆಯುವುದಿಲ್ಲ, ಏನೀಗ? ಬರೆಯಲು ಬರುತ್ತದಲ್ಲ, ಬರಿ.

ಅಪ್ಪ ಶೆಡ್ಡಿನಲ್ಲಿ ಮಗ್ಗದ ಪಕ್ಕ ಬಿದ್ದು ತೀರಿಹೋದ ದಿನ ನಿನಗೆ ಫೋನ್ ಮಾಡಿದ್ದರು. ಅವರ ಜೊತೆ ಜಗಳವಾಡಿದ ಸಿಟ್ಟಿನಲ್ಲಿ ನೀನು ತೆಗೆಯಲಿಲ್ಲ. ಅವರು ನಿನ್ನ ಫೋನಿನಲ್ಲಿ ಬಿಟ್ಟ ಮಾತನ್ನು ಸಾವಿನ ವಿಚಾರಣೆ ಮಾಡಿದ ಆಫೀಸಿನವರು ಟೈಪು ಮಾಡಿಸಿದ್ದಾರೆ. ‘ಮಗಳೇ’ ಅಂತ ಒಂದು, ಕೊನೆಯಲ್ಲಿ ‘ಇಡ್ತೀನಿ’ ಅಂತ ಒಂದು, ನಡುವೆ ‘ಇನಾಡಿಬಲ್’. ಅದನ್ನು ಹಿಡಿದುಕೊಂಡು ನೀನು, ಅಪ್ಪನ ಮಾತು ಅಲ್ಲೇ ನಿಂತುಹೋಗಿತ್ತು, ನನ್ನನ್ನು ಕಾಪಾಡು ಎನ್ನಲು ಕರೆದಿದ್ದರು ಎಂದು ಊಟ ಬಿಟ್ಟು ಕೂತಿದ್ದೀಯಂತೆ. ಎದುರಿಗಿದ್ದಿದ್ದರೆ ಎರಡು ಬಿಡುತ್ತಿದ್ದೆ.

ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು. ಪಕ್ಕದ ಮನೆ ಟೀಚರಮ್ಮನನ್ನು ಕೇಳಿದೆ. ಪಾಪ, ಕಾಗದದ ಮೇಲೆ ಬರೆದು ಬಿಡಿಸಿ ಹೇಳಿದಳು. ಆಡಿಬಲ್ ಅಂದರೆ ಕಿವಿಗೆ ಬೀಳುವಂಥದ್ದು, ಮುಂದೆ ಒಂದು ‘ಇನ್’ ಅಂಟಿಸಿದರೆ ಬೀಳದಂಥದ್ದು. ಬಾಯಿ ಬಿಡದೆ ಕೂತವನಿಗೆ ಆ ಪದ ಹಾಕುವುದಿಲ್ಲವಂತೆ. ಅವನು ಸುಮ್ಮನಿದ್ದ ಅನ್ನಬೇಕಂತೆ. ದನಿ ಇದ್ದೂ ಕಿವಿಗೆ ಸಿಗದಿದ್ದರೆ ಮಾತ್ರ ಇನಾಡಿಬಲ್. ತಿಳಿಯಿತೇ? ಅಪ್ಪನ ಮಾತು ನಿಂತಿರಲಿಲ್ಲ. ಟೈಪು ಮಾಡಿದವರ ಕಿವಿಗೆ ಸಿಗಲಿಲ್ಲ, ಅಷ್ಟೇ.

ಆ ಶೆಡ್ಡಿನಲ್ಲಿ ನಾನೂ ದುಡಿದವಳು. ಅಲ್ಲಿ ಯಾರೂ ಕೂಗಾಡುವುದಿಲ್ಲ, ಸದ್ದಿನ ಕೆಳಗೆ ತೂರಿಸಿ ಮಾತಾಡುತ್ತಾರೆ. ನಮ್ಮ ಮದುವೆಯ ಮಾತೂ ಹಾಗೇ ಆದದ್ದು.

ನೀನು ಕಳಿಸಿದ ರೆಕಾರ್ಡಿಂಗನ್ನು ಟೀಚರಮ್ಮನ ಫೋನಿನಲ್ಲಿ ಹಾಕಿಸಿದೆ. ಅವಳನ್ನು ಆಚೆ ಕಳಿಸಿ, ಒಬ್ಬಳೇ ಕಿವಿಗೆ ಒತ್ತಿಕೊಂಡು ಕೂತೆ. ಮಗ್ಗ ಓಡುವ ಹಾಗೆ ಫೋನು ಕೈಯಲ್ಲಿ ನಡುಗಿತು. ಕಾಪಾಡು ಎಂದಿಲ್ಲ ಅವರು. “ಪುಟ್ಟಿ, ಏನಿಲ್ಲ ಕಣೇ. ಸುಮ್ನೆ ಮಾಡ್ದೆ. ಊಟ ಮಾಡಿ ಮಲ್ಕೋ” ಎಂದರು. ಇಷ್ಟೇ. ಇದನ್ನು ಹೇಳಲು ಆಫೀಸಿನವರಿಗೆ ಇಂಗ್ಲಿಷ್ ಬೇಕಾಯಿತು.

ಮನೆಯಲ್ಲೂ ಅವರ ದನಿ ಇದೆ. ಬೆಳಿಗ್ಗೆ ಎದ್ದರೆ ಕನ್ನಡಕ ಎಲ್ಲಿ ಹಾಳು ಮಾಡಿದೆ ಎನ್ನುತ್ತಾರೆ. ಅಲ್ಲೇ ಇದೆ, ಕಣ್ಣು ಬಿಟ್ಟು ನೋಡಿ ಎಂದು ನಾನೂ ರೇಗುತ್ತೇನೆ. ಆಮೇಲೆ ನೋಡಿದರೆ ಕನ್ನಡಕ ಇಟ್ಟ ಕಡೆಯೇ ಇರುತ್ತದೆ. ಹೆದರಬೇಡ, ನನಗೆ ತಲೆ ಕೆಟ್ಟಿಲ್ಲ.

ಎದ್ದು ಊಟ ಮಾಡು. ಅಪ್ಪ ಹೇಳಿದ ಮಾತು ಅದು, ನಾನು ಹೇಳಿದ್ದಲ್ಲ.

ನಿನ್ನ
ಅಮ್ಮ

ಮರೆತ ಮಾತು: ಬಂದಾಗ ಕರೆಗಂಟೆ ಒತ್ತುತ್ತಾ ನಿಲ್ಲಬೇಡ, ಬಾಗಿಲು ತಳ್ಳಿ ಒಳಗೆ ಬಾ. ದೀಪದ ಬೆಳಕಿಗೆ ಮುಖ ಮಾಡಿ ಮಾತಾಡು. ಅಪ್ಪ ಹೋಗುವ ಮೊದಲೇ ನನ್ನ ಕಿವಿ ಪೂರಾ ಹೋಗಿತ್ತು. ತಿಥಿಗೆ ನೀನು ಬಂದಾಗಲೂ ನಿನ್ನ ತುಟಿ ನೋಡಿಯೇ ನಿಭಾಯಿಸಿದೆ. ಈಗ ಒಳಗೆ ಮಗ್ಗದ ಸದ್ದೊಂದು, ಅದರಡಿ ಅವರ ದನಿಯೊಂದು, ಬೇರೇನೂ ಇಲ್ಲ. ಹಾಗೆಂದು ಮತ್ತೆ ಅಳುತ್ತಾ ಕೂರಬೇಡ. ಅವರು ಹೇಳಿದ್ದು ಅದನ್ನೇ. ಇಷ್ಟು ವರ್ಷ ಅವರ ಜೊತೆ ಬಾಳಿದ ನನಗೆ ಗೊತ್ತಿಲ್ಲವೇ?