ಅಜ್ಜನ ಮಾತಿನ ಉಳಿದರ್ಧ

ಖಿಯೊಸ್ ದ್ವೀಪ,
ಆಲಿವ್ ಕೊಯ್ಲಿನ ಮೂರನೇ ದಿನ

ಸಾಮೊಸ್‌ನಲ್ಲಿರುವ ನನ್ನ ತಂಗಿಯ ಮಗಳು ಮೆಲಿಟ್ಟಾಗೆ ಮಾವ ತಿಮೊಕ್ಲೆಸ್‌ನ ಆಶೀರ್ವಾದ.

ನಿನ್ನ ಓಲೆ ತಲುಪಿತು. ಊರ ಮೇಷ್ಟ್ರ ಹತ್ತಿರ ಮೂರೇ ಚಳಿಗಾಲ ಕಲಿತವನು ನಾನು. ಅಕ್ಷರ ಸೊಟ್ಟಗಿದ್ದರೆ ನಗಬೇಡ. ಬಾಯಿಪಾಠದಲ್ಲಿ ಮಾತ್ರ ಈ ಕಡಲಿನ ಯಾವ ದ್ವೀಪದಲ್ಲೂ ನನಗೆ ಸಮನಿಲ್ಲ. ಹೋದ ಹಬ್ಬದಲ್ಲಿ ನಮ್ಮ ಹಾಡುಗಾರರ ಕೋಲು ಹಿಡಿದು ವೀರಗಾಥೆ ಹಾಡುತ್ತಿದ್ದೆ. ಸೆರೆಸಿಕ್ಕ ರಾಣಿಯ ಮಾತು ಬಂದಾಗ ಮೀನು ಮಾರುವವಳೊಬ್ಬಳು ಎದ್ದು, "ಅಯ್ಯೋ, ಬಿಟ್ಬಿಡ್ರೋ ಅವಳನ್ನ!" ಎಂದು ಕೂಗಿದಳು. ಎದುರಿಗಿದ್ದದ್ದು ಗಡ್ಡದ ನಾನು!

ಅದೇ ನಮ್ಮ ಹಾಡಿನ ಗುಟ್ಟು. ರಾಣಿ ಅತ್ತಳು ಎಂದು ಹೇಳಿ ನಾವು ಮುಗಿಸುವುದಿಲ್ಲ. ನಮ್ಮ ಬಾಯಲ್ಲಿ ಅವಳೇ ಬಂದು "ನಾನು" ಎನ್ನುತ್ತಾಳೆ. ದೂತ ಬಂದರೆ, ಕಳಿಸಿದವನ ಮಾತನ್ನು ಒಂದಕ್ಷರ ಬಿಡದೆ ಒಪ್ಪಿಸಬೇಕು. ಅದಕ್ಕೇ ನಿನ್ನಮ್ಮ ಹೇಳದೆ ಕೇಳದೆ ನಾವಿಕನನ್ನು ಮದುವೆಯಾಗಿ ಹೋದಾಗ, ನಿನ್ನಜ್ಜ ಮಾತು ಕಳಿಸಿದ್ದು ನನ್ನ ಕೈಲಿ.

ಅಜ್ಜ ನಿಜವಾಗಿ ಏನೆಂದ ಎಂದು ಕೇಳಿದ್ದೀ. ಆ ಮಾತಿಗೆ ಎರಡು ಭಾಗ. ಮೊದಲನೆಯದು ಬೈಗುಳ. ನಿಮ್ಮ ಹೊಸ್ತಿಲಲ್ಲಿ ನಿಂತು, ಕೋಲು ಕುಟ್ಟಿ, ಅಪ್ಪನ ದನಿಯನ್ನೇ ತಂದು ಗುಡುಗಿದೆ: "ನನಗೆ ಮಗಳೇ ಹುಟ್ಲಿಲ್ಲ ಅಂದ್ಕೋತೀನಿ!" ಬೀದಿಯವರು ನೆರೆದರು. ಜನ ಕಂಡರೆ ನನ್ನ ಗಂಟಲು ಏರುತ್ತದೆ; ಬೈಗುಳವನ್ನು ಇನ್ನೊಮ್ಮೆ ಹಾಡಿದೆ. ನಿನ್ನಮ್ಮ, "ಸಾಕು ಮಾಡೋ ಅಣ್ಣ, ಇಡೀ ಬೀದಿಗೆ ಕೇಳಿಸ್ಬೇಕಾ?" ಎಂದು ಬಾಗಿಲು ಹಾಕಿಕೊಂಡಳು.

ಎರಡನೆಯ ಭಾಗ ನನ್ನ ಬಾಯಲ್ಲೇ ಉಳಿಯಿತು. ಮನೆಗೆ ಬಂದು, "ಎಲ್ಲಾ ಒಪ್ಪಿಸ್ದೆ ಅಪ್ಪಾ, ಅವಳು ಉತ್ತರಾನೇ ಕೊಡ್ಲಿಲ್ಲ" ಎಂದೆ. ಸಾಲು ಬಿಟ್ಟ ಹಾಡುಗಾರ ಎನ್ನಿಸಿಕೊಳ್ಳಲು ನಾಚಿಕೆ. ಹದಿನಾಲ್ಕು ವರ್ಷವಾಯಿತು. ಅಪ್ಪನಿಗೀಗ ಕಣ್ಣು ಕಾಣುವುದಿಲ್ಲ. ಮಗಳೇ ತನ್ನನ್ನು ಬೇಡವೆಂದಳು ಎಂದು ನಂಬಿ ಕೂತಿದ್ದಾನೆ.

ಇನ್ನು ನೀನೇ ದೂತೆ. ಅಮ್ಮನ ಎದುರು ಕೂತು, "ಅಜ್ಜ ಹೀಗೆಂದ" ಎಂದು ಶುರುಮಾಡಿ ಇಷ್ಟು ಹೇಳು: "ಬಾರೇ ತಾಯೀ, ಆ ಹಡಗಿನೋನ್ನೂ ಕರ್ಕೊಂಡು ಬಾ. ನಿನ್ನ ಮಗ್ಗ ಹಂಗೇ ಇದೆ. ಅರ್ಧ ನೇಯ್ದ ಬಟ್ಟೇನ ಯಾರೂ ಮುಟ್ಟೋಕೆ ಬಿಟ್ಟಿಲ್ಲ." ಗುಡುಗಬೇಡ. ಅಜ್ಜ ಗೋಡೆ ಕಡೆ ತಿರುಗಿ ಮೆಲ್ಲಗೆ ಹೇಳಿದ್ದ.

ಎಂದೂ ಸಾಲು ಮರೆಯದ ನಿನ್ನ ಮಾವ,
ತಿಮೊಕ್ಲೆಸ್

ಮತ್ತೊಂದು: ಇದನ್ನು ನಿನ್ನೆ ಬರೆದಿಟ್ಟು, ಇವತ್ತು ಬೆಳಿಗ್ಗೆ ಅಪ್ಪನಿಗೂ ಹೇಳಿಬಿಟ್ಟೆ. ನನ್ನ ಕೋಲಿನಿಂದಲೇ ಬಾರಿಸಿದ. ಕಣ್ಣು ಕಾಣದವನ ಗುರಿ ಅಷ್ಟು ಚೆನ್ನಾಗಿರುತ್ತದೆಂದು ಗೊತ್ತಿರಲಿಲ್ಲ. ಆಮೇಲೆ ತಡಕಾಡುತ್ತ ಒಳಗೆ ಹೋದವನು, ಇನ್ನೂ ಮಗ್ಗದ ಧೂಳು ಒರೆಸುತ್ತಲೇ ಇದ್ದಾನೆ.